ಹಳೆಯ ಕಿರುತೆರೆಯ ಗಗನಕಥೆಗಳು ಮತ್ತು ಮನೆಯ ಪುಟಗುರುತು

ಕದರಮಂಡಲಗಿ ಎಂದೊಡನೆ ನಾಡಿನ ಭಕ್ತರಿಗೆ ಕಾಂತೇಶನ ಸನ್ನಿಧಿಯೇ ಕಣ್ಣಮುಂದೆ ನಿಲ್ಲುತ್ತದೆ. ಇಲ್ಲಿನ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ ಈ ಮೂರೂ ಆಂಜನೇಯ ಕ್ಷೇತ್ರಗಳ ದರ್ಶನವನ್ನು ಒಂದೇ ಹಗಲಿನಲ್ಲಿ ಮುಗಿಸಿದರೆ ಶ್ರೇಯಸ್ಸೆಂಬ ನಂಬಿಕೆಯಿಂದ ಯಾತ್ರಿಕರು ನಸುಕಿನಲ್ಲಿಯೇ ಇಲ್ಲಿಗೆ ಬಂದಿಳಿಯುತ್ತಾರೆ. ಕಡಲನ್ನು ಹಾರಿದವನ ಕಥೆಯನ್ನು ತೊಟ್ಟಿಲಿನಿಂದಲೇ ಕೇಳುತ್ತ ಬೆಳೆಯುವ ಇಂಥ ಊರಿನ ಮಗುವಿಗೆ ಆಕಾಶದ ಮೇಲೆ ಮೊದಲಿನಿಂದಲೂ ಒಂದು ಸಲಿಗೆ ಇರುತ್ತದೆ. ಆ ಸಲಿಗೆಯನ್ನು ಓದಿನ ಕಡೆಗೆ ತಿರುಗಿಸುವುದು ಹೇಗೆಂಬುದು ಇಂದು ಬ್ಯಾಡಗಿ, ರಾಣೇಬೆನ್ನೂರು ಸೀಮೆಯ ಮನೆಗಳಿಗಷ್ಟೇ ಅಲ್ಲ, ನಮ್ಮೆಲ್ಲರ ಮನೆಗಳಿಗೂ ಎದುರಾಗಿರುವ ಪ್ರಶ್ನೆ.

ಪ್ರಶ್ನೆಯ ಗಾಂಭೀರ್ಯ ಎಲ್ಲರಿಗೂ ತಿಳಿದದ್ದೇ. ರಾತ್ರಿಯ ಊಟವಾದ ಮೇಲೆ ಮನೆಯ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಮೊಬೈಲು ಬೆಳಗುತ್ತದೆ. ಅಜ್ಜನದು ಒಂದು ಲೋಕ, ಮೊಮ್ಮಗಳದು ಮತ್ತೊಂದು. ದೇವರ ಕೋಣೆಯ ಗೂಡಿನಲ್ಲಿ ವಚನ ಸಂಪುಟವಿದೆ. ಅದಕ್ಕೆ ವಿಭೂತಿಯೂ ಹೂವೂ ಸಲ್ಲುತ್ತವೆ, ಪುಟ ತಿರುವುವ ಕೈ ಮಾತ್ರ ಅಪರೂಪ. ಈ ಕೊರತೆಗೆ ಒಂದು ಸಣ್ಣ, ಖರ್ಚಿಲ್ಲದ ಉಪಾಯವನ್ನು ಓದುಗ ಬಂಧುಗಳ ಮುಂದಿಡಲು ನಾವು ಬಯಸುತ್ತೇವೆ. ವಾರಕ್ಕೊಮ್ಮೆ ಮನೆಮಂದಿಯೆಲ್ಲ ಕೂಡಿ ಹಳೆಯ ವಿಜ್ಞಾನ ಕಥಾ ಧಾರಾವಾಹಿಯ ಒಂದು ಕಂತನ್ನು ನೋಡುವುದು, ನೋಡುತ್ತಲೇ ಕೈಯಲ್ಲಿ ಒಂದು ಪುಟಗುರುತನ್ನು ತಯಾರಿಸುವುದು, ಅದನ್ನು ಅಂದೇ ಒಂದು ಪುಸ್ತಕದೊಳಗೆ ಇಡುವುದು.

ಭಾನುವಾರದ ಬೆಳಗುಗಳು

1987ರ ಜನವರಿಯಿಂದ 1988ರ ಜುಲೈವರೆಗೆ ದೂರದರ್ಶನದಲ್ಲಿ ರಾಮಾಯಣ ಪ್ರಸಾರವಾದಾಗ ಬೀದಿಗಳು ಬರಿದಾಗುತ್ತಿದ್ದುದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಟಿ.ವಿ. ಇದ್ದ ಮನೆಯ ಪಡಸಾಲೆಯಲ್ಲಿ ಓಣಿಯೇ ನೆರೆಯುತ್ತಿತ್ತು. ಅದೇ ದಶಕದ ಭಾನುವಾರಗಳಲ್ಲಿ ಅಮೆರಿಕದ ‘ಸ್ಟಾರ್ ಟ್ರೆಕ್’ ಕೂಡ ನಮ್ಮ ಮಕ್ಕಳ ಕಣ್ಣಿಗೆ ಬಿದ್ದಿತು. ಜೀನ್ ರಾಡನ್‌ಬೆರಿಯವರು ರೂಪಿಸಿದ ಈ ಧಾರಾವಾಹಿ ಮೊದಲು ಪ್ರಸಾರವಾದದ್ದು 1966ರಿಂದ 1969ರವರೆಗೆ, ಒಟ್ಟು 79 ಕಂತುಗಳಲ್ಲಿ. ಬೇರೆ ಬೇರೆ ದೇಶ, ಬಣ್ಣ, ಗ್ರಹಗಳ ಜನ ಒಂದೇ ನೌಕೆಯಲ್ಲಿ ಸಮಾನರಾಗಿ ದುಡಿಯುವ ಚಿತ್ರ ಅದರಲ್ಲಿದೆ. ಅನುಭವ ಮಂಟಪದ ಪರಂಪರೆಯಲ್ಲಿ ಬಂದ ನಮಗೆ ಆ ನೋಟ ಅಪರಿಚಿತವೆನಿಸದು.

1989ರಲ್ಲಿ ನಮ್ಮ ದೇಶದವರೇ ತಯಾರಿಸಿದ ‘ಸ್ಪೇಸ್ ಸಿಟಿ ಸಿಗ್ಮಾ’ ಮತ್ತು ‘ಇಂದ್ರಧನುಷ್’ ಬಂದವು. ‘ಇಂದ್ರಧನುಷ್’ನಲ್ಲಿ ಮಕ್ಕಳೇ ಕೂಡಿ ಒಂದು ಗಣಕಯಂತ್ರವನ್ನು ಜೋಡಿಸುತ್ತಾರೆ; ಕಾಲದಲ್ಲಿ ಹಿಂದೆ ಮುಂದೆ ಸಂಚರಿಸುತ್ತಾರೆ. ಅದರಲ್ಲಿ ತಂದೆಯ ಪಾತ್ರ ವಹಿಸಿದವರು ನಮ್ಮ ಗಿರೀಶ ಕಾರ್ನಾಡರು. ಅವರೇ 1991ರಿಂದ ‘ಟರ್ನಿಂಗ್ ಪಾಯಿಂಟ್’ ಎಂಬ ವಿಜ್ಞಾನ ಕಾರ್ಯಕ್ರಮವನ್ನು ನಡೆಸಿಕೊಟ್ಟರು. 1998ರಲ್ಲಿ ಕೇತನ್ ಮೆಹತಾ ಅವರ ‘ಕ್ಯಾಪ್ಟನ್ ವ್ಯೋಮ್’ ಬಂದಿತು. ಇವುಗಳ ಕೆಲವು ಕಂತುಗಳಾದರೂ ಇಂದು ಅಂತರ್ಜಾಲದಲ್ಲಿ ಹುಡುಕಿದರೆ ಸಿಗುತ್ತವೆ.

ಜಾಲರಿಯಲ್ಲಿ ಇಳಿದ ಕಲ್ಪನೆ

ಇಂಥ ಕಥೆಗಳಿಂದ ಪ್ರಯೋಜನವೇನು ಎಂದು ಕೇಳುವವರಿಗೆ ಕನ್ನಡ ನಾಡಿನ ಹಳ್ಳಿಗಳೇ ಉತ್ತರ ಕೊಟ್ಟಿವೆ. ವಿಜ್ಞಾನ ಕಥೆಗಳ ಹೆಸರಾಂತ ಲೇಖಕ ಆರ್ಥರ್ ಸಿ. ಕ್ಲಾರ್ಕ್ ಅವರು 1945ರಲ್ಲಿ ಒಂದು ಲೇಖನ ಬರೆದು, ಭೂಮಿಯ ತಿರುಗುವಿಕೆಗೆ ಸರಿಸಮನಾಗಿ ಸುತ್ತುವ ಉಪಗ್ರಹಗಳಿಂದ ಜಗತ್ತಿಗೆಲ್ಲ ವಾರ್ತೆ ಮುಟ್ಟಿಸಬಹುದೆಂದು ಸೂಚಿಸಿದರು. ಆಗಿನ್ನೂ ಒಂದು ಉಪಗ್ರಹವೂ ಮೇಲೇರಿರಲಿಲ್ಲ. ಸರಿಯಾಗಿ 30 ವರ್ಷಗಳ ಬಳಿಕ, 1975ರ ಆಗಸ್ಟ್ 1ರಂದು ‘ಸೈಟ್’ ಎಂಬ ಉಪಗ್ರಹ ಬೋಧನಾ ಪ್ರಯೋಗ ನಮ್ಮ ದೇಶದಲ್ಲಿ ಆರಂಭವಾಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಪೆಟ್ಟಿಗೆಗಳು ಬಂದವು. ಕರ್ನಾಟಕದಲ್ಲಿ ಆ ಭಾಗ್ಯ ದೊರೆತದ್ದು ಅಂದಿನ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ.

ಆ ಪ್ರಯೋಗದ ಆಂಟೆನಾ ಹೇಗಿತ್ತೆಂಬುದು ಗಮನಿಸತಕ್ಕ ಸಂಗತಿ. ಕೋಳಿಗೂಡಿಗೆ ಹಾಕುವಂಥ ತಂತಿ ಜಾಲರಿಯನ್ನು ಸುಮಾರು ಹತ್ತು ಅಡಿ ಅಗಲದ ಬೋಗುಣಿಯ ಆಕಾರಕ್ಕೆ ಬಗ್ಗಿಸಿ ಅದನ್ನು ಕಟ್ಟಿದ್ದರು. ಲೇಖಕನೊಬ್ಬನ ಕಲ್ಪನೆ ಕೊನೆಗೆ ನಮ್ಮ ಹಳ್ಳಿಗೆ ಇಳಿದದ್ದು ತಂತಿ ಹೆಣೆದ ಜಾಲರಿಯ ಮೂಲಕ. ಈ ಪ್ರಯೋಗದ ಕಾಲದಲ್ಲಿ ಅಹಮದಾಬಾದಿನ ಬಾಹ್ಯಾಕಾಶ ಉಪಯೋಗ ಕೇಂದ್ರದ ನಿರ್ದೇಶಕರಾಗಿದ್ದ ಪ್ರೊ. ಯಶಪಾಲ್ ಅವರೇ ಮುಂದೆ ‘ಟರ್ನಿಂಗ್ ಪಾಯಿಂಟ್’ನಲ್ಲಿ ವೀಕ್ಷಕರ ಪ್ರಶ್ನೆಗಳಿಗೆ ಉತ್ತರಿಸಿದರು.

ಕೈಯಿಂದ ಕಟ್ಟಿದ ಲೋಕಗಳು

ಹೊಸ ಚಿತ್ರಗಳಿರುವಾಗ ಹಳೆಯವೇಕೆ ಎಂಬ ಸಂದೇಹ ಸಹಜ. ಹಳೆಯ ಗಗನಕಥೆಗಳಲ್ಲಿ ಮನುಷ್ಯನ ಕೈ ಕಾಣುತ್ತದೆ; ನಮ್ಮ ಆಯ್ಕೆಗೆ ಅದೇ ಕಾರಣ. ‘ಸ್ಟಾರ್ ಟ್ರೆಕ್’ನ ನೌಕೆಯ ಬಾಗಿಲುಗಳು ತಾವಾಗಿಯೇ ಸರಿಯುವಂತೆ ತೋರುತ್ತವೆ, ತೆರೆಯ ಹಿಂದೆ ಆಳುಗಳು ನಿಂತು ಅವುಗಳನ್ನು ಎಳೆಯುತ್ತಿದ್ದರು. ಅದರ ವೈದ್ಯ ಬಳಸುವ ಉಪಕರಣಗಳಲ್ಲಿ ಕೆಲವು ಊಟದ ಮೇಜಿನ ಉಪ್ಪಿನ ಡಬ್ಬಿಗಳೇ. ನೌಕೆಯನ್ನು ಪ್ರತಿ ಗ್ರಹದ ಮೇಲೂ ಇಳಿಸಿ ತೋರಿಸಲು ಹಣ ಸಾಲದಾದಾಗ, ಮನುಷ್ಯರು ಮಿನುಗುತ್ತ ಮಾಯವಾಗಿ ಬೇರೆಡೆ ಕಾಣಿಸಿಕೊಳ್ಳುವ ಯುಕ್ತಿಯನ್ನು ಕಂಡುಕೊಂಡರು. 1963ರ ನವೆಂಬರ್ 23ರಂದು ಬ್ರಿಟನ್ನಿನ ಬಿ.ಬಿ.ಸಿ.ಯಲ್ಲಿ ಆರಂಭವಾದ ‘ಡಾಕ್ಟರ್ ಹೂ’ ಎಂಬ ಧಾರಾವಾಹಿಯ ಕಾಲನೌಕೆಯ ವಿಚಿತ್ರ ಧ್ವನಿ ಹುಟ್ಟಿದ್ದು, ಹಳೆಯ ಪಿಯಾನೋ ತಂತಿಗಳ ಮೇಲೆ ಮನೆಯ ಬೀಗದ ಕೈಯನ್ನು ಉಜ್ಜಿದಾಗ!

ಇವನ್ನು ತಿಳಿದು ನೋಡುವ ಮಗು ಬೆರಗಾಗಿ ಸುಮ್ಮನಾಗುವುದಿಲ್ಲ. ‘ಇದನ್ನು ನಾನೂ ಮಾಡಬಲ್ಲೆ’ ಎಂಬ ಧೈರ್ಯ ಅದರಲ್ಲಿ ಮೂಡುತ್ತದೆ. ಕೈಯ ದುಡಿಮೆಗೆ ಕಾಯಕವೆಂಬ ದೊಡ್ಡ ಹೆಸರಿತ್ತ ಶರಣರ ಮನೆಗಳಲ್ಲಿ ಈ ಧೈರ್ಯಕ್ಕೆ ಬೆಲೆಯಿದೆ. ಮಗುವಿನ ಕೈಗೆ ಕತ್ತರಿ, ದಾರ, ರಟ್ಟು ಕೊಡಲು ಅದೇ ತಕ್ಕ ಹೊತ್ತು.

ಮನೆಯಲ್ಲಿಯೇ ಪುಟಗುರುತು

ಮೊದಲನೆಯದು ಲಗ್ನಪತ್ರಿಕೆಯದು. ಬಸವಣ್ಣನವರ ಚಿತ್ರವಿರುವ ಆಮಂತ್ರಣಗಳನ್ನು ಕಸಕ್ಕೆ ಹಾಕಲು ಮನಸ್ಸು ಬಾರದೆ ತಾಯಂದಿರು ಕಪಾಟಿನಲ್ಲಿ ಕೂಡಿಡುತ್ತಾರೆ. ಆ ದಪ್ಪ ಕಾಗದವನ್ನು ಎರಡು ಅಂಗುಲ ಅಗಲ, ಆರು ಅಂಗುಲ ಉದ್ದಕ್ಕೆ ಕತ್ತರಿಸಿ, ಮೇಲ್ತುದಿಯಲ್ಲಿ ತೂತು ಮಾಡಿ, ಉಣ್ಣೆಯ ದಾರದ ಗೊಂಡೆ ಕಟ್ಟಬೇಕು. ಚಿತ್ರಕ್ಕೆ ಗೌರವವೂ ಉಳಿಯಿತು, ಪುಸ್ತಕಕ್ಕೆ ಗುರುತೂ ಆಯಿತು. ಚಿತ್ರವಿಲ್ಲದ ತುಂಡಿನ ಮೇಲೆ ಮಕ್ಕಳು ಶನಿಗ್ರಹದ ಬಳೆಗಳನ್ನೋ ನೌಕೆಯನ್ನೋ ಬರೆಯಲಿ.

ಎರಡನೆಯದು ಅರಳಿ ಎಲೆಯದು. ಉದುರಿದ ಬಲಿತ ಎಲೆಯನ್ನು ಮೂರು ನಾಲ್ಕು ವಾರ ನೀರಿನಲ್ಲಿ ನೆನೆಹಾಕಿ, ಆಗಾಗ ನೀರು ಬದಲಿಸುತ್ತಿರಬೇಕು. ತಿರುಳು ಕೊಳೆತು ಮೆತ್ತಗಾದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಗುರವಾಗಿ ತೆಗೆದರೆ ನರಗಳ ಬಲೆಯಷ್ಟೇ ಉಳಿಯುತ್ತದೆ. ಅದನ್ನು ಪತ್ರಿಕೆಯ ಹಾಳೆಗಳ ನಡುವೆ ಭಾರ ಹೇರಿ ಒಣಗಿಸಬೇಕು. ತಾಳ್ಮೆ ಕಲಿಸುವುದರಲ್ಲಿ ಇದಕ್ಕೆ ಸಮನಿಲ್ಲ.

ಮೂರನೆಯದು ನಮ್ಮ ಧಾರವಾಡ ಸೀಮೆಯ ಹೆಮ್ಮೆಯಾದ ಕಸೂತಿಯದು. ಎಳೆಗಳನ್ನು ಎಣಿಸಲು ಬರುವಂಥ ಬಟ್ಟೆಯ ಪಟ್ಟಿಯ ಮೇಲೆ ಅಜ್ಜಿಯರು ಗವಂತಿ, ಮುರ್ಗಿ ಹೊಲಿಗೆಗಳನ್ನು ಕಲಿಸಲಿ. ಗವಂತಿ ಎರಡೂ ಮಗ್ಗುಲಲ್ಲಿ ಒಂದೇ ಬಗೆಯಾಗಿ ಕಾಣುವುದರಿಂದ ಪುಟಗುರುತಿಗೆ ಹೇಳಿ ಮಾಡಿಸಿದಂತಿದೆ. ಗೋಪುರ, ತೇರು, ಪಲ್ಲಕ್ಕಿಗಳನ್ನು ಮೂಡಿಸುವ ಅದೇ ಲೆಕ್ಕದಲ್ಲಿ ಮೊಮ್ಮಗಳು ಒಂದು ರಾಕೆಟ್ಟನ್ನೂ ಮೂಡಿಸಬಹುದು.

ಒಂದೆರಡು ಎಚ್ಚರಿಕೆಗಳೂ ಬೇಕು. ತುಕ್ಕು ಹಿಡಿಯುವ ಪಿನ್ನು, ಹಸಿ ಹೂವು, ಆರದ ಅಂಟು ಇವು ಪುಟಗಳನ್ನು ಕೆಡಿಸುತ್ತವೆ. ಹಳೆಯ ಪುಸ್ತಕದಲ್ಲಿ ದಪ್ಪ ಗುರುತಿಟ್ಟರೆ ಬೆನ್ನು ಬಿರಿಯುತ್ತದೆ.

ಗುರುತು ಸರಿಯುತ್ತಿರಬೇಕು

ಇನ್ನು ಮುಖ್ಯವಾದ ಮಾತು. ಕಂತು ಮುಗಿದೊಡನೆ ಟಿ.ವಿ. ಆರಿಸಿ, ಪುಟಗುರುತಿನ ಹಿಂಬದಿಯಲ್ಲಿ ಮಗು ಒಂದು ಪ್ರಶ್ನೆಯನ್ನು ಬರೆಯಲಿ. ಗಾಳಿಯಿಲ್ಲದ ಬಾನಿನಲ್ಲಿ ನೌಕೆ ಸಿಡಿದರೆ ಸದ್ದು ಕೇಳುವುದೇ? ಸೂರ್ಯನ ಬೆಳಕು ನಮ್ಮ ಅಂಗಳಕ್ಕೆ ಬರಲು ಸುಮಾರು 8 ನಿಮಿಷ ಸಾಕಾದರೆ, ಸೂರ್ಯನನ್ನು ಬಿಟ್ಟರೆ ಸಮೀಪದ್ದೆನಿಸುವ ತಾರೆಯ ಬೆಳಕಿಗೆ 4 ವರ್ಷಗಳಿಗೂ ಮಿಕ್ಕಿ ಬೇಕಾಗುವುದೇಕೆ? ಕಥೆಯಲ್ಲಿ ಕಲ್ಪನೆ ಎಷ್ಟು, ವಿಜ್ಞಾನ ಎಷ್ಟೆಂದು ಬೇರ್ಪಡಿಸಲು ಪುಸ್ತಕವೇ ಬೇಕು. ನಿರಂಜನರು ಸಂಪಾದಿಸಿದ ಕಿರಿಯರ ವಿಶ್ವಕೋಶ ‘ಜ್ಞಾನಗಂಗೋತ್ರಿ’, ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’, ಕನ್ನಡದಲ್ಲಿಯೇ ವಿಜ್ಞಾನ ಕಥೆಗಳನ್ನು ಬರೆದ ರಾಜಶೇಖರ ಭೂಸನೂರಮಠರ ಕೃತಿಗಳು ಗ್ರಂಥಾಲಯದಲ್ಲಿ ದೊರೆತರೆ ಮನೆಗೆ ತರಬೇಕು. ಹಿರಿಯರೂ ಅದೇ ರಾತ್ರಿ ತಮ್ಮದೊಂದು ಗುರುತನ್ನು ವಚನ ಸಂಪುಟದಲ್ಲಿಟ್ಟು ಒಂದು ಪುಟವನ್ನಾದರೂ ಗಟ್ಟಿಯಾಗಿ ಓದಲಿ. ಮಕ್ಕಳ ಓದು ಹಿರಿಯರ ಓದನ್ನು ಕಂಡೇ ಬೆಳೆಯತಕ್ಕದ್ದು.

ಮನೆಗಳಲ್ಲಿಯೂ ಮಠಗಳಲ್ಲಿಯೂ ಓಲೆಗರಿಯ ಕಟ್ಟುಗಳಾಗಿ ಮೌನವಾಗಿದ್ದ ವಚನಗಳನ್ನು ಫ.ಗು. ಹಳಕಟ್ಟಿಯವರು ಅರಸಿ ತಂದು, ಓದಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದುದರಿಂದ ಅವು ಮತ್ತೆ ನಾಡಿನ ನಾಲಿಗೆಯ ಮೇಲೆ ನಿಂತವು. ಕಟ್ಟು ಬಿಚ್ಚಿದ್ದರಿಂದಲೇ ಅದು ಸಾಧ್ಯವಾಯಿತು. ಅಚ್ಚಾಗಿ ಕೈಗೆ ಬಂದ ಪುಸ್ತಕವನ್ನು ನಾವು ಮತ್ತೆ ಕಟ್ಟಿಟ್ಟರೆ ಆ ಹಿರಿಯರ ದುಡಿಮೆಗೆ ನ್ಯಾಯ ಸಲ್ಲದು.

ಪುಟಗುರುತು ಸುಳ್ಳು ಹೇಳುವುದಿಲ್ಲ. ಕಳೆದ ತಿಂಗಳು ಇದ್ದಲ್ಲಿಯೇ ಈ ತಿಂಗಳೂ ಇದ್ದರೆ ಓದು ನಿಂತಿದೆಯೆಂದೇ ಅರ್ಥ. ಬರುವ ಸೋಮವಾರ ಪೂಜೆ ಮುಗಿಸಿದ ಮೇಲೆ ತಮ್ಮ ಮನೆಯ ಗ್ರಂಥವನ್ನು ತೆರೆದು, ಗುರುತು ಎಲ್ಲಿದೆಯೆಂದು ಒಮ್ಮೆ ನೋಡಬೇಕೆಂದು ಎಲ್ಲ ಶರಣ ಬಂಧುಗಳಲ್ಲಿಯೂ ತಾಯಂದಿರಲ್ಲಿಯೂ ನಮ್ಮ ವಿನಂತಿ.