ಹೊಸ ಮನೆಯ ಗೋಡೆಗೆ ಬಣ್ಣ: ಅವಸರವೇಕೆ ಬೇಡ?

ಗೃಹಪ್ರವೇಶದ ದಿನ ಹೊಸ್ತಿಲ ಬಳಿ ಆರತಿ ಎತ್ತುವಾಗ ತಟ್ಟೆಯಲ್ಲಿರುವ ಕೆಂಪು ನೀರನ್ನು ನೀವು ನೋಡಿರುತ್ತೀರಿ. ಅದಕ್ಕೆ ಹಾಕುವುದು ಹಳದಿಯ ಅರಿಶಿನ ಮತ್ತು ಬಿಳಿಯ ಸುಣ್ಣ. ಎರಡರಲ್ಲಿ ಯಾವುದೂ ಕೆಂಪಲ್ಲ. ಬೆರೆತಾಗ ಮಾತ್ರ ನೀರು ಕೆಂಪಾಗುತ್ತದೆ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ವರ್ಣದ್ರವ್ಯ ಕ್ಷಾರದಲ್ಲಿ ಕೆಂಪಾಗುವುದೇ ಇದಕ್ಕೆ ಕಾರಣ. ಆದರೆ ಅದೇ ಹೊಸ್ತಿಲಿನಾಚೆ ನಿಂತಿರುವ ಹೊಸ ಗೋಡೆಗಳೂ ಸುಣ್ಣದ ನೀರಿನಷ್ಟೇ ಕ್ಷಾರೀಯವಾಗಿರುತ್ತವೆ ಎಂಬುದು ಅನೇಕರ ಗಮನಕ್ಕೆ ಬರುವುದಿಲ್ಲ.

ಮುಹೂರ್ತ ಹತ್ತಿರವಾದಂತೆ ಮನೆಯವರಿಗೆ ಅವಸರ. ಗಿಲಾವು ಮುಗಿದು ಎರಡು ವಾರವಾಗುವುದರೊಳಗೆ ಬಣ್ಣ ಬಳಿಸಿಬಿಡುತ್ತಾರೆ. ಮನೆ ಅಂದು ಥಳಥಳಿಸುತ್ತದೆ. ಮುಂದಿನ ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಗುಳ್ಳೆಯೆದ್ದು ಹೊಪ್ಪಳಿಕೆಯಾಗಿ ಉದುರುತ್ತದೆ, ಅಲ್ಲಲ್ಲಿ ಬಿಳಿಪುಡಿ ಕಾಣಿಸಿಕೊಳ್ಳುತ್ತದೆ. ಸಾಲ ಮಾಡಿ ಕಟ್ಟಿದ ಮನೆಗೆ ಮತ್ತೊಮ್ಮೆ ಖರ್ಚು. ಬೈಗುಳ ಬಣ್ಣದವನಿಗೆ. ಆದರೆ ತಪ್ಪು ಯಾರದು?

ಗೋಡೆಯೊಳಗೆ ನಡೆಯುವುದೇನು?

ಸಿಮೆಂಟು ಒಣಗಿ ಗಟ್ಟಿಯಾಗುತ್ತದೆ ಎಂದು ನಾವು ತಿಳಿಯುತ್ತೇವೆ. ವಾಸ್ತವವಾಗಿ ಅದು ನೀರಿನೊಂದಿಗೆ ರಾಸಾಯನಿಕ ಕ್ರಿಯೆ ನಡೆಸಿ ಗಟ್ಟಿಯಾಗುತ್ತದೆ. ಸಿಮೆಂಟಿನ ಕ್ಯಾಲ್ಸಿಯಂ ಸಿಲಿಕೇಟುಗಳು ನೀರಿನೊಡನೆ ವರ್ತಿಸಿ, ಮರಳಿನ ಕಣಗಳನ್ನು ಹಿಡಿದಿಡುವ ಅಂಟಿನಂತಹ ವಸ್ತುವನ್ನು ಕೊಡುತ್ತವೆ. ಜೊತೆಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಅರಳಿದ ಸುಣ್ಣವೂ ಉತ್ಪತ್ತಿಯಾಗುತ್ತದೆ. ಗಟ್ಟಿಯಾದ ಸಿಮೆಂಟಿನ ಗಾತ್ರದಲ್ಲಿ ಇದರ ಪಾಲು ಸುಮಾರು ಶೇಕಡಾ 20ರಿಂದ 25. ಗೋಡೆಯ ಸೂಕ್ಷ್ಮ ರಂಧ್ರಗಳಲ್ಲಿರುವ ನೀರಿನ ಪಿಎಚ್ ಮೌಲ್ಯ 12ಕ್ಕೂ ಹೆಚ್ಚು.

ಇಂತಹ ಗೋಡೆಯ ಮೇಲೆ ಎಣ್ಣೆಬಣ್ಣ ಬಳಿದರೆ ಏನಾಗಬಹುದು? ಸಾಬೂನು ತಯಾರಿಸುವ ಪ್ರಯೋಗವನ್ನು ನೆನಪಿಸಿಕೊಳ್ಳಿ. ಎಣ್ಣೆ ಮತ್ತು ಕ್ಷಾರ ಸೇರಿದರೆ ಸಾಬೂನು. ಗೋಡೆಯಲ್ಲೂ ನಡೆಯುವುದು ಅದೇ. ಬಣ್ಣದ ತಳಪದರ ಸಾಬೂನಾಗಿ ಮೆತ್ತಗಾಗುತ್ತದೆ, ಅಂಟುಅಂಟಾಗಿ ಹಿಡಿತ ಕಳೆದುಕೊಳ್ಳುತ್ತದೆ.

ಬಿಳಿಪುಡಿಯ ಕಥೆ ಬೇರೆ. ಇಟ್ಟಿಗೆ, ಮರಳು ಮತ್ತು ಸಿಮೆಂಟಿನಲ್ಲಿರುವ ಲವಣಗಳನ್ನು ಕರಗಿಸಿಕೊಂಡ ನೀರು ಹೊರಮೈಗೆ ಬಂದು ಆವಿಯಾಗುತ್ತದೆ. ಲವಣ ಅಲ್ಲಿಯೇ ಉಳಿಯುತ್ತದೆ. ಇದನ್ನು ನೀರಿನಿಂದ ತೊಳೆದರೆ ಲವಣ ಕರಗಿ ಮತ್ತೆ ಒಳಸೇರುತ್ತದೆ. ಒಣ ಬ್ರಷ್ಷಿನಿಂದ ಉಜ್ಜಿ ತೆಗೆಯುವುದೇ ಸರಿ.

ಹಾಗಾದರೆ ಕಾಯುವುದರಿಂದ ಲಾಭವೇನು? ಎರಡು ಕೆಲಸಗಳಾಗುತ್ತವೆ. ಮೊದಲನೆಯದು, ಗೋಡೆಯ ನೀರು ಹೊರಹೋಗುತ್ತದೆ. ಎರಡನೆಯದು, ಹೊರಮೈಯ ಸುಣ್ಣ ಗಾಳಿಯೊಂದಿಗೆ ವರ್ತಿಸುತ್ತದೆ:

ಕ್ಯಾಲ್ಸಿಯಂ ಹೈಡ್ರಾಕ್ಸೈಡ್ + ಕಾರ್ಬನ್ ಡೈಆಕ್ಸೈಡ್ → ಕ್ಯಾಲ್ಸಿಯಂ ಕಾರ್ಬೊನೇಟ್ + ನೀರು

ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿದಾಗ ಅದು ಹಾಲಿನಂತಾಗುವುದೂ ಇದೇ ಕ್ರಿಯೆಯಿಂದ. ಕ್ಯಾಲ್ಸಿಯಂ ಕಾರ್ಬೊನೇಟಿನ ಕ್ಷಾರಗುಣ ಬಹಳ ಕಡಿಮೆ. ಗೋಡೆಯ ಒಳಭಾಗ ವರ್ಷಗಟ್ಟಲೆ ಕ್ಷಾರೀಯವಾಗಿಯೇ ಇರುತ್ತದೆ, ನಿಜ. ಆದರೆ ಅದನ್ನು ಹೊತ್ತು ತರಲು ನೀರಿಲ್ಲದಿದ್ದರೆ ಬಣ್ಣಕ್ಕೆ ಹೆಚ್ಚಿನ ಹಾನಿಯಿಲ್ಲ. ನೀರಿನಲ್ಲಿ ಕಲಸುವ ಬಣ್ಣಗಳಿಗೂ ಕನಿಷ್ಠ ನಾಲ್ಕು ವಾರ ಬಿಡಬೇಕು. ಎಣ್ಣೆಬಣ್ಣಕ್ಕೆ ಇನ್ನೂ ಕೆಲವು ತಿಂಗಳು ಕಾಯುವುದು ಲೇಸು. ಮಳೆಗಾಲದಲ್ಲಿ ಈ ಅವಧಿ ಮತ್ತಷ್ಟು ಹೆಚ್ಚುತ್ತದೆ.

ನೀವೇ ಪರೀಕ್ಷಿಸಿ

ಒತ್ತುಕಾಗದವನ್ನು ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿ. ಗೋಡೆಯ ಒಂದು ಮೂಲೆಯನ್ನು ಭಟ್ಟಿ ಇಳಿಸಿದ ನೀರಿನಿಂದ ಒದ್ದೆಮಾಡಿ ಈ ಕಾಗದವನ್ನು ಒತ್ತಿ ಹಿಡಿಯಿರಿ. ಗಾಢ ಕೆಂಪಾದರೆ ಕ್ಷಾರ ಪ್ರಬಲವಾಗಿದೆ ಎಂದರ್ಥ. ಪ್ರತಿ ವಾರ ಪರೀಕ್ಷಿಸಿ, ಕಾಗದಗಳಿಗೆ ದಿನಾಂಕ ಬರೆದು ಹೋಲಿಸಿ. ಶಾಲೆಯಲ್ಲಿ ಫಿನಾಫ್ತಲೀನ್ ಇದ್ದರೆ ಇನ್ನೂ ಒಳ್ಳೆಯದು. ಅದು ಗುಲಾಬಿ ಬಣ್ಣ ತೋರುತ್ತದೆ.

ತೇವ ತಿಳಿಯಲು, ಒಂದಡಿ ಉದ್ದಗಲದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಗೋಡೆಗೆ ಟೇಪಿನಿಂದ ಅಂಟಿಸಿ. ಒಂದು ದಿನದ ನಂತರ ಹಾಳೆಯ ಒಳಮೈಯಲ್ಲಿ ನೀರಹನಿಗಳಿದ್ದರೆ ಗೋಡೆ ಇನ್ನೂ ಸಿದ್ಧವಾಗಿಲ್ಲ.

ಬರಿಗೋಡೆಯಲ್ಲೇ ಗೃಹಪ್ರವೇಶವೇ?

ಬೇಡ. ಸುಣ್ಣ ಬಳಿಯಿರಿ. ಸುಣ್ಣ ತಾನೇ ಕ್ಷಾರವಾದ್ದರಿಂದ ಗೋಡೆಯ ಕ್ಷಾರಕ್ಕೆ ಅಂಜುವುದಿಲ್ಲ. ಅದರ ಪದರದ ಮೂಲಕ ತೇವ ಹೊರಹೋಗಲೂಬಲ್ಲದು. ಬಣ್ಣ ಬೇಕೆಂದರೆ ಕೆಮ್ಮಣ್ಣು, ಹಳದಿ ಮಣ್ಣು ಅಥವಾ ನೀಲಿಯನ್ನು ಬೆರೆಸಬಹುದು. ಮೊದಲೆರಡರ ಬಣ್ಣ ಕಬ್ಬಿಣದ ಆಕ್ಸೈಡುಗಳಿಂದ ಬಂದದ್ದು. ನೀಲಿ ಅಲ್ಟ್ರಾಮರೀನ್ ಆಗಿರಬೇಕು. ಇವು ಕ್ಷಾರದಲ್ಲಿ ಕೆಡುವುದಿಲ್ಲ. ಕರಾವಳಿಯ ಹಳೆಯ ದೇವಾಲಯಗಳ ಕಾವಿ ಕಲೆಯಲ್ಲಿ ಸುಣ್ಣದ ಗಾರೆ ಮತ್ತು ಕೆಮ್ಮಣ್ಣು ಜೊತೆಯಾಗಿ ಬಾಳಿರುವುದನ್ನು ಇಂದಿಗೂ ಕಾಣಬಹುದು.

ಪ್ರಖರ ಹಳದಿಗೆ ಹಿಂದೆ ಹೆಚ್ಚಾಗಿ ಬಳಸುತ್ತಿದ್ದ ಸೀಸದ ಕ್ರೋಮೇಟ್ ಹಾಗಲ್ಲ. ಅದು ಕ್ಷಾರದಲ್ಲಿ ಬಣ್ಣಗೆಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ. ಭಾರತದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ 2017ರ ನವೆಂಬರ್ 1ರಂದು ಜಾರಿಗೆ ಬಂದಿತು. ಮನೆಯ ಮೂಲೆಯಲ್ಲಿ ಬಿದ್ದಿರುವ ಹಳೆಯ ಡಬ್ಬಿಯ ಬಣ್ಣವನ್ನು ಮಕ್ಕಳ ಕೋಣೆಗೆ ಬಳಸಲೇಬೇಡಿ.

ಗೋಡೆ ಒಣಗಿದ ಮೇಲೆ ಮನೆಗೊಂದು ಸ್ವಂತಿಕೆ ಕೊಡುವ ಕೆಲಸಕ್ಕೆ ಕೈಹಾಕಿ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ದೀವರ ಮನೆಗಳಲ್ಲಿ ಬರೆಯುವ ಹಸೆ ಚಿತ್ತಾರ ಇದಕ್ಕೆ ಒಳ್ಳೆಯ ಮಾದರಿ. ಕೆಮ್ಮಣ್ಣಿನ ಹಿನ್ನೆಲೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕರಿದಾದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ಇದು ಮಣ್ಣಿನ ಗೋಡೆಯ ಮೇಲೆ ಬೆಳೆದು ಬಂದ ಕಲೆ. ಸಿಮೆಂಟಿನ ಗೋಡೆಯ ಮೇಲೆ ಬರೆಯುವುದಾದರೆ, ಸಸ್ಯಮೂಲದ ಬಣ್ಣಗಳು ಅರಿಶಿನದಂತೆ ಬದಲಾಗಬಹುದಾದ್ದರಿಂದ ಮೊದಲು ಮೂಲೆಯೊಂದರಲ್ಲಿ ಬಳಿದು ನೋಡಿ.

ಈ ಸಲ ನೆಂಟರ ಗೃಹಪ್ರವೇಶಕ್ಕೆ ಹೋಗುವಾಗ ನಾಲ್ಕು ಅರಿಶಿನದ ಕಾಗದಗಳನ್ನೂ ಜೇಬಿನಲ್ಲಿಟ್ಟುಕೊಂಡಿರಿ. ಗೋಡೆ ಏನು ಹೇಳುತ್ತದೆ ಎಂಬುದನ್ನು ಮನೆಯವರಿಗೇ ತೋರಿಸಿ.