ಕೆ.ಆರ್. ಯಾರು, ಜೆ.ಸಿ. ಯಾರು?

ಬೆಂಗಳೂರಿನ ಶ್ರೀ ಚಾಮರಾಜೇಂದ್ರ ಉದ್ಯಾನಕ್ಕೆ ಯಾವತ್ತಾದರೂ ಹೋಗಿದ್ದೀರಾ? ನಿಮ್ಮ ಕ್ಲಾಸಿನಲ್ಲಿ ಹತ್ತು ಜನರಿಗೆ ಈ ಪ್ರಶ್ನೆ ಕೇಳಿ ನೋಡಿ. ‘ಇಲ್ಲ’ ಎನ್ನುವವರೇ ಜಾಸ್ತಿ. ‘ಅದು ಮೈಸೂರಲ್ಲಿ ಅಲ್ವಾ?’ ಎಂದು ಮರುಪ್ರಶ್ನೆ ಹಾಕುವವರೂ ಇರುತ್ತಾರೆ. ಆದರೆ ಹೀಗೆ ಹೇಳುವವರಲ್ಲಿ ಹೆಚ್ಚಿನವರು ಆ ಉದ್ಯಾನದ ಬಿದಿರು ಮೆಳೆಯ ನೆರಳಲ್ಲಿ ಕೂತು ಕಡಲೆಕಾಯಿ ತಿಂದವರೇ ಆಗಿರುತ್ತಾರೆ. ಏಕೆಂದರೆ ಅದು ನಮ್ಮೆಲ್ಲರ ಕಬ್ಬನ್ ಪಾರ್ಕ್.

1870ರಲ್ಲಿ ಈ ಉದ್ಯಾನ ರೂಪುಗೊಂಡಾಗ ಅದಕ್ಕಿದ್ದ ಹೆಸರು ಮೀಡ್ಸ್ ಪಾರ್ಕ್. ಆಗ ಹಂಗಾಮಿ ಕಮಿಷನರ್ ಆಗಿದ್ದ ಜಾನ್ ಮೀಡ್ ಅವರ ನೆನಪಿಗೆ ಇಟ್ಟದ್ದು. ಮುಂದೆ, 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಅವರ ಹೆಸರು ಅಂಟಿಕೊಂಡಿತು. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಆಳ್ವಿಕೆಯ ರಜತ ಮಹೋತ್ಸವದ ವೇಳೆ ಅವರ ತಂದೆ ಚಾಮರಾಜೇಂದ್ರ ಒಡೆಯರ್ ಹೆಸರನ್ನು ಅಧಿಕೃತವಾಗಿ ಇಡಲಾಯಿತು. ಹತ್ತಿರ ಹತ್ತಿರ ನೂರು ವರ್ಷವಾಯಿತು. ಜನ ಇನ್ನೂ ಕಬ್ಬನ್ ಪಾರ್ಕ್ ಎಂದೇ ಕರೆಯುತ್ತಾರೆ. ಪಕ್ಕದಲ್ಲಿ ಬಂದ ಮೆಟ್ರೊ ನಿಲ್ದಾಣಕ್ಕೂ ಅದೇ ಹೆಸರು.

ಹಾಗಂತ ಜನ ಹೊಸ ಹೆಸರನ್ನು ಒಪ್ಪುವುದೇ ಇಲ್ಲ ಎನ್ನುವಂತಿಲ್ಲ. ಬ್ರಿಟಿಷರ ಕಾಲದ ‘ಸೌತ್ ಪರೇಡ್’ 1948ರಲ್ಲಿ ಮಹಾತ್ಮ ಗಾಂಧಿ ರಸ್ತೆಯಾಯಿತು. ಇವತ್ತು ಸೌತ್ ಪರೇಡ್ ಎಂದರೆ ಆಟೊದವರಿಗೂ ಗೊತ್ತಾಗಲ್ಲ. ಸಿಡ್ನಿ ರಸ್ತೆ ಕಸ್ತೂರ್ಬಾ ರಸ್ತೆಯಾದದ್ದೂ ಹಾಗೆಯೇ. ಅದೇ ರೆಸಿಡೆನ್ಸಿ ರಸ್ತೆಗೆ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಅವರ ಹೆಸರಿಟ್ಟರೂ ಅದು ಬಾಯಿಗೆ ಬರಲಿಲ್ಲ. ಫ್ರೇಜರ್ ಟೌನ್‌ನ ಅಧಿಕೃತ ಹೆಸರು ಪುಲಕೇಶಿನಗರ. ಅಲ್ಲಿನವರು ವೋಟು ಹಾಕುವುದು ಪುಲಕೇಶಿನಗರ ಕ್ಷೇತ್ರದಲ್ಲಿ, ರಂಜಾನ್ ತಿಂಗಳಲ್ಲಿ ನಾವೆಲ್ಲ ತಿನ್ನಲು ಹೋಗುವುದು ಫ್ರೇಜರ್ ಟೌನ್‌ಗೆ!

ನಗರದ ಹೆಸರುಗಳನ್ನು ಹೀಗೆ ಒಂದೊಂದಾಗಿ ನೋಡುತ್ತಾ ಹೋದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಆದೇಶ ಹೊರಡಿಸಿ ಬೋರ್ಡು ನೆಡುವುದು ಸುಲಭ. ಆ ಹೆಸರಿನ ಹಿಂದಿನ ಮನುಷ್ಯನನ್ನೋ ಕಥೆಯನ್ನೋ ಜನರಲ್ಲಿ ಉಳಿಸುವುದು ಬೇರೆಯದೇ ಕೆಲಸ. ಎರಡನೆಯದನ್ನು ನಾವು ಮಾಡುತ್ತಲೇ ಇಲ್ಲ.

ಗೌರವ ಎರಡು ಅಕ್ಷರಕ್ಕೆ ಇಳಿದಾಗ

ಕೆ.ಆರ್. ಮಾರುಕಟ್ಟೆ, ಜೆ.ಸಿ. ರಸ್ತೆ, ಎನ್.ಆರ್. ರಸ್ತೆ, ಕೆ.ಜಿ. ರಸ್ತೆ, ಜೆ.ಪಿ. ನಗರ, ಆರ್.ಟಿ. ನಗರ. ಬಸ್ಸಿನಲ್ಲಿ ದಿನಾ ಕೇಳುವ ಹೆಸರುಗಳಿವು. ಕೃಷ್ಣರಾಜೇಂದ್ರ, ಜಯಚಾಮರಾಜೇಂದ್ರ, ನರಸಿಂಹರಾಜ, ಕೆಂಪೇಗೌಡ, ಜಯಪ್ರಕಾಶ ನಾರಾಯಣ, ರವೀಂದ್ರನಾಥ ಟ್ಯಾಗೋರ್ ಎಂದು ಬಿಡಿಸಿ ಹೇಳುವವರು ಎಷ್ಟು ಮಂದಿ? ಗೀತಾಂಜಲಿಗೆ ನೊಬೆಲ್ ಬಂದ ವರ್ಷ 1913 ಎಂದು ಸ್ಪರ್ಧಾತ್ಮಕ ಪರೀಕ್ಷೆಗೆ ಬಾಯಿಪಾಠ ಮಾಡುವ ಗೆಳೆಯರೇ, ತಾವು ಪಿ.ಜಿ. ಹಿಡಿದಿರುವ ಬಡಾವಣೆಗೆ ಅದೇ ಕವಿಯ ಹೆಸರಿದೆ ಎಂದರೆ ಬೆರಗಾಗುತ್ತಾರೆ.

ಮಜಾ ಏನೆಂದರೆ, ಇದೇ ಸಾಲಿನಲ್ಲಿ ಎಚ್.ಎಸ್.ಆರ್. ಲೇಔಟ್ ಮತ್ತು ಬಿ.ಟಿ.ಎಂ. ಲೇಔಟ್ ಕೂಡ ನಿಲ್ಲುತ್ತವೆ. ಇವುಗಳ ಹಿಂದೆ ಯಾವ ಮಹನೀಯರೂ ಇಲ್ಲ. ಮೊದಲನೆಯದು ಹೊಸೂರು–ಸರ್ಜಾಪುರ ರಸ್ತೆ. ಎರಡನೆಯದು ಬೈರಸಂದ್ರ, ತಾವರೆಕೆರೆ, ಮಡಿವಾಳ. ರಾಜರ್ಷಿ ಎನಿಸಿಕೊಂಡ ದೊರೆಯ ಹೆಸರೂ ಮೂರು ಊರುಗಳ ಹೆಸರೂ ಕೇಳುವವರ ಕಿವಿಗೆ ಒಂದೇ ತರಹದ ಇಂಗ್ಲಿಷ್ ಅಕ್ಷರಗಳಾಗಿಬಿಟ್ಟಿವೆ.

ನಗರದ ಮುಖ್ಯ ರೈಲು ನಿಲ್ದಾಣಕ್ಕೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರಿದೆ. ಕಿತ್ತೂರಿಗಾಗಿ ಹೋರಾಡಿ 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದವನು ರಾಯಣ್ಣ. ಟಿಕೆಟ್ ಬುಕ್ ಮಾಡುವ ಆ್ಯಪ್‌ನಲ್ಲಿ ಅವನು ‘ಕೆ.ಎಸ್.ಆರ್.’ ಅಷ್ಟೇ. ನಿಲ್ದಾಣದ ಕೋಡ್ ಇಂದಿಗೂ ಹಳೆಯ ‘ಎಸ್‌ಬಿಸಿ’. ಹೊರರಾಜ್ಯದಿಂದ ಓದಲು ಬಂದವರು ಕೆ.ಎಸ್.ಆರ್. ಎಂದರೆ ಕೆಎಸ್ಆರ್‌ಟಿಸಿಗೆ ಸೇರಿದ್ದು ಇರಬೇಕು ಎಂದುಕೊಂಡರೆ ಅವರನ್ನು ದೂರಿ ಪ್ರಯೋಜನವಿಲ್ಲ. 2022ರಲ್ಲಿ ಬೈಯಪ್ಪನಹಳ್ಳಿಯಲ್ಲಿ ಶುರುವಾದ ಟರ್ಮಿನಲ್‌ಗೆ ಸರ್ ಎಂ. ವಿಶ್ವೇಶ್ವರಯ್ಯ ಅವರ ಹೆಸರಿಟ್ಟರು. ಅದೂ ‘ಎಸ್‌ಎಂವಿಟಿ’ ಆಗಿ ಕೂತಿದೆ. ಬಸ್ ನಿಲ್ದಾಣದ ಕೆಂಪೇಗೌಡರು ಬಿಎಂಟಿಸಿ ಬೋರ್ಡಿನಲ್ಲಿ ‘ಕೆಬಿಎಸ್’. ಕಂಡಕ್ಟರ್ ಬಾಯಲ್ಲಿ ಮಾತ್ರ ‘ಮೆಜೆಸ್ಟಿಕ್ ಮೆಜೆಸ್ಟಿಕ್!’ ಆ ಹೆಸರು ಬಂದದ್ದು ಅಲ್ಲಿದ್ದ ಒಂದು ಚಿತ್ರಮಂದಿರದಿಂದ. ಚಿತ್ರಮಂದಿರ ಹೋಗಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಗಟ್ಟಿಯಾಗಿದೆ.

ಹೆಣ್ಣುಮಕ್ಕಳ ಹೆಸರು ಹುಡುಕಿದರೆ ಪಟ್ಟಿ ಬೇಗ ಮುಗಿಯುತ್ತದೆ. ಬಸವನಗುಡಿಯ ವಾಣಿ ವಿಲಾಸ ರಸ್ತೆಯನ್ನೇ ನೋಡಿ. ‘ವಾಣಿ ವಿಲಾಸ’ ಎನ್ನುವುದು ಮಹಾರಾಣಿಗಿದ್ದ ಬಿರುದು. 1895ರಿಂದ 1902ರವರೆಗೆ ಮೈಸೂರು ಸಂಸ್ಥಾನವನ್ನು ರೀಜೆಂಟ್ ಆಗಿ ನಡೆಸಿದ ಆಕೆಯ ಹೆಸರು ಕೆಂಪನಂಜಮ್ಮಣ್ಣಿ. ಶಿವನಸಮುದ್ರದ ಜಲವಿದ್ಯುತ್ ಯೋಜನೆ ಕೈಗೂಡಿದ್ದು ಅವರ ಅವಧಿಯಲ್ಲಿ. ರಸ್ತೆ, ಆಸ್ಪತ್ರೆ, ಹಿರಿಯೂರಿನ ಬಳಿಯ ಜಲಾಶಯ, ಎಲ್ಲ ಕಡೆಯೂ ಬಿರುದು ಇದೆ. ಅವರ ಸ್ವಂತ ಹೆಸರನ್ನು ಬೋರ್ಡಿನ ಮೇಲೆ ನಾನು ಓದಿಲ್ಲ.

ಹಳೆಯ ಹೆಸರುಗಳು ಹೇಳುವ ಲೆಕ್ಕ

ಸನ್ಮಾನಕ್ಕೆಂದು ಇಟ್ಟ ಹೆಸರುಗಳ ಗತಿ ಹೀಗಾದರೆ, ಕೆಲಸದಿಂದ ಹುಟ್ಟಿದ ಹೆಸರುಗಳ ಕಥೆಯೇ ಬೇರೆ. ಕೆಂಪೇಗೌಡರು 1537ರಲ್ಲಿ ಕಟ್ಟಿದ ಪೇಟೆಯಲ್ಲಿ ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂದು ಹೆಸರು ಕೇಳಿದರೆ ಸಾಕು, ಅಲ್ಲಿ ಏನು ಸಿಗುತ್ತಿತ್ತು, ಯಾರು ದುಡಿಯುತ್ತಿದ್ದರು ಎಂಬುದು ತಿಳಿಯುತ್ತದೆ. ಮಲ್ಲೇಶ್ವರಕ್ಕೆ ಕಾಡು ಮಲ್ಲೇಶ್ವರ ದೇವಸ್ಥಾನ, ಬಸವನಗುಡಿಗೆ ದೊಡ್ಡ ಬಸವಣ್ಣನ ಗುಡಿ. ಯಾರೂ ಸಭೆ ಕರೆದು ವಿವರಿಸಬೇಕಿಲ್ಲ.

ನಾನು ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಸರ್ವೆ ಪ್ರಾಕ್ಟಿಕಲ್‌ಗೆ ಲೆವೆಲಿಂಗ್ ಉಪಕರಣ, ಸ್ಟಾಫ್ ಹೊತ್ತು ತಿರುಗುವ ನಮಗೆ ಊರಿನ ಹೆಸರುಗಳು ಇನ್ನೊಂದು ಕಾರಣಕ್ಕೆ ಮುಖ್ಯ ಎನಿಸುತ್ತವೆ. ಅವು ನೆಲದ ಏರುತಗ್ಗಿನ ಲೆಕ್ಕ ಹೇಳುತ್ತವೆ. ಬೆಂಗಳೂರಿಗೆ ದೊಡ್ಡ ನದಿಯಿಲ್ಲ. ಇರುವುದು ದಿಣ್ಣೆಯ ಮೇಲೆ. ಹಿಂದಿನವರು ಮಳೆನೀರನ್ನು ತಗ್ಗಿನಲ್ಲಿ ಕಟ್ಟೆ ಹಾಕಿ ತಡೆದರು. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ರಾಜಕಾಲುವೆಯಲ್ಲಿ ಹರಿದು ಮುಂದಿನ ಕೆರೆಗೆ ಹೋಗಬೇಕು. ಅರಕೆರೆ, ಗೊಟ್ಟಿಗೆರೆ, ತಾವರೆಕೆರೆ ಎಂಬ ಹೆಸರುಗಳಲ್ಲಿ ಕೆರೆ ನೇರವಾಗಿಯೇ ಇದೆ. ಜಕ್ಕಸಂದ್ರ, ಸಿಂಗಸಂದ್ರ, ಬೊಮ್ಮಸಂದ್ರಗಳ ‘ಸಂದ್ರ’ವೂ ಸಮುದ್ರದಿಂದ ಬಂದದ್ದು ಎನ್ನುತ್ತಾರೆ. ಇಲ್ಲಿ ಸಮುದ್ರ ಎಂದರೆ ದೊಡ್ಡ ಕೆರೆ.

ಈಗ ನಗರದ ಮಧ್ಯಕ್ಕೆ ಬನ್ನಿ. ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಪಕ್ಕದ ಟ್ಯಾಂಕ್ ಬಂಡ್ ರಸ್ತೆ ಅದೇ ಕೆರೆಯ ಏರಿ. ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಕ್ರೀಡಾಂಗಣ ಬಂತು. ಕರಗದ ಆಚರಣೆಗೆ ಬೇಕಾದ ಪುಟ್ಟ ಕೊಳವಷ್ಟೇ ಉಳಿಯಿತು. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಕ್ರೀಡಾಂಗಣವಾಯಿತು. ಕೋರಮಂಗಲದಲ್ಲಿ ಒಂದು ಕೆರೆ 1997ರ ರಾಷ್ಟ್ರೀಯ ಕ್ರೀಡಾಕೂಟದ ಕ್ರೀಡಾಗ್ರಾಮವಾಯಿತು. ಮಿಲ್ಲರ್ಸ್ ಟ್ಯಾಂಕ್ ಬಂಡ್ ರಸ್ತೆಯಲ್ಲಿ ಟ್ಯಾಂಕ್ ಹುಡುಕಿದರೆ ಸಿಗುವುದಿಲ್ಲ.

ಕೆರೆಗೆ ಮಣ್ಣು ತುಂಬಬಹುದು, ಸುತ್ತಲಿನ ಇಳಿಜಾರನ್ನು ಬದಲಿಸಲು ಆಗದು. ಜೋರು ಮಳೆ ಬಂದಾಗ ನೀರು ತನ್ನ ಹಳೆಯ ತಗ್ಗಿಗೇ ಹೋಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಐ.ಟಿ. ಪ್ರದೇಶದಲ್ಲಿ ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದ ದೃಶ್ಯಗಳನ್ನು ಎಲ್ಲರೂ ನೋಡಿದ್ದೇವೆ. ಆದ್ದರಿಂದ ‘ಕೆರೆ’, ‘ಕಟ್ಟೆ’, ‘ಕುಂಟೆ’, ‘ಕೋಡಿ’ ಎಂಬ ಪದ ಇರುವ ಹೆಸರನ್ನು ಅಳಿಸಿ ಅಲ್ಲೊಂದು ಚೆಂದದ ಹೆಸರು ಹಾಕುವಾಗ ನಾವು ಒಂದು ಎಚ್ಚರಿಕೆ ಫಲಕವನ್ನೇ ಕಿತ್ತುಹಾಕುತ್ತಿರುತ್ತೇವೆ. ನಾಳೆ ಅಲ್ಲಿ ಸಾಲ ಮಾಡಿ ಸೈಟು ಕೊಳ್ಳುವವರಿಗೆ, ನೆಲಮಹಡಿಯಲ್ಲಿ ರೂಮು ಹಿಡಿಯುವ ವಿದ್ಯಾರ್ಥಿಗೆ ಆ ಜಾಗದ ಸ್ವಭಾವ ತಿಳಿಯುವುದೇ ಇಲ್ಲ.

ಹೆಸರಿಡುವವರು ಯಾರು?

ರಸ್ತೆ, ವೃತ್ತ, ಉದ್ಯಾನಗಳಿಗೆ ಹೆಸರಿಡುವುದು ಪಾಲಿಕೆಯ ಕೆಲಸ. ಪ್ರಸ್ತಾವ ಬಂದ ಮೇಲೆ ಸಾರ್ವಜನಿಕರ ಸಲಹೆ, ಆಕ್ಷೇಪಣೆಗೆ ಸಾಮಾನ್ಯವಾಗಿ 30 ದಿನದ ಗಡುವು ಕೊಟ್ಟು ಪ್ರಕಟಣೆ ಹೊರಡಿಸುತ್ತಾರೆ. ರೈಲು ನಿಲ್ದಾಣವಾದರೆ ರಾಜ್ಯ ಸರ್ಕಾರ ಪ್ರಸ್ತಾವ ಕಳಿಸಬೇಕು, ಕೇಂದ್ರ ಗೃಹ ಸಚಿವಾಲಯ ಒಪ್ಪಬೇಕು. ವಿಮಾನ ನಿಲ್ದಾಣದ ಹೆಸರೂ ಕೇಂದ್ರದಲ್ಲೇ ಅಂತಿಮವಾಗಬೇಕು. ಊರು ಮತ್ತು ನಿಲ್ದಾಣಗಳ ಹೆಸರು ಬದಲಾವಣೆ ಬಗ್ಗೆ ಗೃಹ ಸಚಿವಾಲಯ 1953ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಜನರಿಗೆ ರೂಢಿಯಾದ ಹೆಸರನ್ನು ವಿಶೇಷ ಕಾರಣವಿಲ್ಲದೆ ಬದಲಿಸಬಾರದು, ಇತಿಹಾಸದ ನಂಟಿರುವ ಹೆಸರನ್ನು ಆದಷ್ಟು ಉಳಿಸಬೇಕು, ನಾಯಕರಿಗೆ ಗೌರವ ತೋರಿಸಲೆಂದಷ್ಟೇ ಮರುನಾಮಕರಣ ಮಾಡಬಾರದು ಎಂಬುದು ಅದರ ಸಾರ.

ಬದಲಾವಣೆಯೇ ಬೇಡ ಎನ್ನುವುದು ನನ್ನ ವಾದವಲ್ಲ. 2014ರ ನವೆಂಬರ್ 1ರಂದು ‘ಬ್ಯಾಂಗಲೋರ್’ ಹೋಗಿ ‘ಬೆಂಗಳೂರು’ ಬಂದದ್ದು ನಮ್ಮೂರಿನ ಹೆಸರು ನಮಗೆ ಮರಳಿ ಬಂದಂತೆ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿರುವ ಸುಮಾರು ಕ್ರಿ.ಶ. 890ರ ವೀರಗಲ್ಲಿನಲ್ಲೇ ಬೆಂಗಳೂರು ಕಾಳಗದ ಉಲ್ಲೇಖವಿದೆ. ಅಂದರೆ ಕೆಂಪೇಗೌಡರಿಗಿಂತ ಆರು ಶತಮಾನಕ್ಕೂ ಹಿಂದೆಯೇ ಆ ಹೆಸರು ಬಳಕೆಯಲ್ಲಿತ್ತು. ಮೈಸೂರು ರಸ್ತೆಯ ನಾಯಂಡಹಳ್ಳಿಯಿಂದ ಬನ್ನೇರುಘಟ್ಟ ರಸ್ತೆವರೆಗಿನ ವರ್ತುಲ ರಸ್ತೆಗೆ 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿಟ್ಟಾಗ ನನ್ನ ವಯಸ್ಸಿನವರು ಖುಷಿಪಟ್ಟದ್ದೂ ನಿಜ. ನನ್ನ ಚಿಂತೆ ಐವತ್ತು ವರ್ಷದ ಮುಂದಿನದು. ಅಪ್ಪುವನ್ನು ನೋಡದ ಹುಡುಗನೊಬ್ಬ ಆ ರಸ್ತೆಯನ್ನು ‘ಪಿ.ಆರ್. ರೋಡ್’ ಎಂದು ಕರೆಯುತ್ತಾ, ಅದು ಯಾರೆಂದು ಗೊತ್ತಿಲ್ಲದೆ ಸಿಗ್ನಲ್‌ನಲ್ಲಿ ನಿಂತಿರಬಾರದು.

ನಾವು ಮಾಡಬಹುದಾದದ್ದು

ಮೊದಲನೆಯದು ತೀರಾ ಸರಳ. ಪ್ರತಿ ಬೋರ್ಡಿನಲ್ಲಿ ಪೂರ್ಣ ಹೆಸರು ಬರೆದು, ಅದರ ಕೆಳಗೆ ಒಂದೇ ಒಂದು ಸಾಲು ಸೇರಿಸಬೇಕು. ‘ಟೌನ್‌ಹಾಲ್’ ಎಂದು ನಾವು ಕರೆಯುವ ಕಟ್ಟಡಕ್ಕೆ ಸರ್ ಪುಟ್ಟಣ್ಣ ಚೆಟ್ಟಿ ಹೆಸರು ಏಕೆ? ಅವರು ಈ ನಗರದ ಪುರಸಭೆಯ ಅಧ್ಯಕ್ಷರಾಗಿದ್ದವರು. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾ ಕೂರುವವರಿಗೆ ಅದು ದಿವಾನ್ ಶೇಷಾದ್ರಿ ಅಯ್ಯರ್ ಸ್ಮಾರಕ ಎಂದು ತಿಳಿಯಲಿ. ಲಂಡನ್ನಿನಲ್ಲಿ ಮಹನೀಯರು ಬದುಕಿದ ಮನೆಗಳಿಗೆ ಫಲಕ ಹಾಕುವ ಯೋಜನೆ 1866ರಲ್ಲೇ ಶುರುವಾಯಿತು. ಅದಕ್ಕೆ ಬೇಕಾದದ್ದು ಒಂದು ತಗಡು, ಸ್ವಲ್ಪ ಬಣ್ಣ.

ಎರಡನೆಯದು, ಮುಚ್ಚಿಹೋದ ಕೆರೆಗಳ ಹೆಸರನ್ನು ಆಯಾ ಜಾಗದಲ್ಲಿ ಬರೆದಿಡಬೇಕು. ಕಂಠೀರವ ಕ್ರೀಡಾಂಗಣದ ಗೇಟಿನಲ್ಲಿ ‘ಇಲ್ಲಿ ಸಂಪಂಗಿ ಕೆರೆ ಇತ್ತು’ ಎಂದಿದ್ದರೆ ನಗರಕ್ಕೇನೂ ಅವಮಾನವಿಲ್ಲ. ಹಳೆಯ ನಕ್ಷೆಗಳ ಮೇಲೆ ಇಂದಿನ ರಸ್ತೆಗಳನ್ನು ಇಟ್ಟು ನೋಡುವ ಕೆಲಸವನ್ನು ಎಂಜಿನಿಯರಿಂಗ್ ಕಾಲೇಜುಗಳ ಮಿನಿ ಪ್ರಾಜೆಕ್ಟ್‌ಗೆ ಕೊಡಬಹುದು. ಪ್ರತಿ ವರ್ಷ ಅದೇ ಲೈನ್ ಫಾಲೋವರ್ ರೋಬೊ, ಅದೇ ಪಾರ್ಕಿಂಗ್ ಸೆನ್ಸರ್ ಮಾಡಿ ಬೇಸತ್ತವರಿಗೆ ಇದು ಹೊಸ ವಿಷಯವೂ ಹೌದು.

ಮೂರನೆಯದು, ಆ 30 ದಿನಗಳ ಪ್ರಕಟಣೆಯನ್ನು ಓದುವುದು. 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದ ಬಳಿಕ ಬೆಂಗಳೂರಿನಲ್ಲಿ ವರ್ಷಗಟ್ಟಲೆ ಚುನಾಯಿತ ಪಾಲಿಕೆ ಸದಸ್ಯರೇ ಇರಲಿಲ್ಲ. 2025ರಲ್ಲಿ ಒಂದು ಪಾಲಿಕೆ ಐದಾಯಿತು. ಆಡಳಿತ ಬದಲಾದಾಗಲೆಲ್ಲ ಹೊಸ ಬೋರ್ಡುಗಳು ಬರುತ್ತವೆ. ನಿಮ್ಮ ಬೀದಿಗೆ ಹೆಸರಿಡುವ ಪ್ರಸ್ತಾವ ಬಂದರೆ ಈ ವ್ಯಕ್ತಿಗೂ ಈ ಬೀದಿಗೂ ಏನು ಸಂಬಂಧ, ಇಲ್ಲಿ ಮೊದಲು ಯಾವ ಹೆಸರಿತ್ತು, ಅದು ಏನನ್ನು ಹೇಳುತ್ತಿತ್ತು ಎಂದು ಒಂದು ಪುಟದ ಅರ್ಜಿ ಬರೆಯಿರಿ. ಸಹಿ ಹಾಕಲು ಕಾರ್ಪೊರೇಟರ್ ಆಗಬೇಕಿಲ್ಲ, ಡಿಗ್ರಿ ಮುಗಿದಿರಬೇಕೆಂದೂ ಇಲ್ಲ.

ಅಲ್ಲಿಯವರೆಗೆ ಖರ್ಚಿಲ್ಲದ ಒಂದು ಕೆಲಸವಿದೆ. ಇಂಟರ್‌ವ್ಯೂಗೆಂದು ಬಯೊಡೇಟಾದಲ್ಲಿ ವಿಳಾಸ ಬರೆಯುವಾಗ ಇನಿಶಿಯಲ್ ಬಿಡಿಸಿ ಪೂರ್ತಿ ಬರೆಯಿರಿ. ಬಿಡಿಸಲು ಬಾರದಿದ್ದರೆ ಪಕ್ಕದ ಅಂಗಡಿಯ ಹಿರಿಯರನ್ನು ಕೇಳಿ. ಅವರಿಗೆ ಗೊತ್ತಿದ್ದರೆ ಒಂದು ಕಥೆ ಸಿಗುತ್ತದೆ. ಗೊತ್ತಿಲ್ಲದಿದ್ದರೆ ಇಬ್ಬರೂ ಸೇರಿ ಹುಡುಕಬಹುದು.