ಬಂದು ಹೋದ ಮಹ್ದಿ

'ಮಹ್ದಿ' ಎಂದರೆ ಅರಬ್ಬಿಯಲ್ಲಿ ದೇವರಿಂದ ಸರಿದಾರಿ ಕಂಡವನು ಎಂದಷ್ಟೇ ಅರ್ಥ. ಕುರ್‌ಆನ್‌ನಲ್ಲಿ ಈ ಹೆಸರಿನ ಉದ್ಧಾರಕನಿಲ್ಲ. ಮೊದಮೊದಲು ಅದು ಹಿರಿಯರಿಗೆ ಸಲ್ಲುತ್ತಿದ್ದ ಗೌರವದ ಮಾತು. ಬರಲಿರುವ ಒಬ್ಬನ ಹೆಸರಾಗಿ ಅದು ಗಟ್ಟಿಯಾದದ್ದು ರಕ್ತ ಹರಿದ ಮೇಲೆ.

680ರಲ್ಲಿ ಪೈಗಂಬರರ ಮೊಮ್ಮಗ ಹುಸೇನರು ಕರ್ಬಲಾದಲ್ಲಿ ಹತರಾದರು. ಅವರನ್ನು ಕರೆಸಿಕೊಂಡು ಕೊನೆಗೆ ಕೈಬಿಟ್ಟ ಕೂಫಾ ನಗರ ಪಶ್ಚಾತ್ತಾಪದಲ್ಲಿ ಬೇಯುತ್ತಿತ್ತು. ಐದು ವರ್ಷದ ನಂತರ ಅಲ್ಲಿ ದಂಗೆಯೆದ್ದ ಮುಖ್ತಾರ್, ಹುಸೇನರ ಮಲತಮ್ಮ ಮಹಮ್ಮದ್ ಇಬ್ನ್ ಅಲ್-ಹನಫಿಯಾ ಅವರನ್ನೇ ಮಹ್ದಿ ಎಂದು ಸಾರಿದ. ಅವರು ದಂಗೆಯಿಂದ ದೂರವೇ ಉಳಿದರು, 700ರ ಸುಮಾರಿಗೆ ತೀರಿಕೊಂಡರು. ನಂಬಿದವರಲ್ಲಿ ಕೆಲವರು ಆ ಸಾವನ್ನು ಒಪ್ಪಲಿಲ್ಲ. ರದ್ವಾ ಬೆಟ್ಟದಲ್ಲಿ ಬದುಕಿದ್ದಾರೆ, ಒಂದು ದಿನ ಇಳಿದು ಬಂದು ನ್ಯಾಯ ನಿಲ್ಲಿಸುತ್ತಾರೆ ಎಂದರು. ಮರೆಯಾದವನು ಮರಳುತ್ತಾನೆ ಎಂಬ ಎಳೆ ಹೀಗೆ ಮೊಳೆಯಿತು.

874ರಲ್ಲಿ ಹನ್ನೊಂದನೆಯ ಇಮಾಮರು ತೀರಿಕೊಂಡಾಗ ಶಿಯಾಗಳ ದೊಡ್ಡ ಪಂಗಡ ಆ ಎಳೆಯನ್ನೇ ಹಿಡಿಯಿತು. ಹನ್ನೆರಡನೆಯ ಇಮಾಮರು ಮರೆಯಲ್ಲಿದ್ದಾರೆ ಎಂದು ಇಂದಿಗೂ ಕಾಯುತ್ತಿದೆ. ಸುನ್ನಿಗಳಲ್ಲಿ ಅಬೂ ದಾವೂದ್, ತಿರ್ಮಿಜಿ ಸಂಗ್ರಹಗಳ ಹದೀಸುಗಳು, ಎಂದರೆ ಪೈಗಂಬರರ ನುಡಿಗಳೆಂದು ದಾಖಲಾದವು, ಮಹ್ದಿಯ ನಿರೀಕ್ಷೆಗೆ ಆಧಾರ. ಆ ಹದೀಸುಗಳನ್ನು ಇತಿಹಾಸಕಾರ ಇಬ್ನ್ ಖಲ್ದೂನ್ 14ನೇ ಶತಮಾನದಲ್ಲೇ ಒಂದೊಂದಾಗಿ ಒರೆಗೆ ಹಚ್ಚಿದ್ದ.

ನನ್ನನ್ನು ಹೆಚ್ಚು ಕಾಡಿದ್ದು ಕಾಯುವವರಲ್ಲ, ಕಾಯುವುದು ಮುಗಿಯಿತು ಎಂದವರು. ಹಿಜರಿ ಸಾವಿರ ವರ್ಷ ತುಂಬುವ ಕಾಲ ಹತ್ತಿರವಾಗುತ್ತಿತ್ತು. 1443ರಲ್ಲಿ ಜೌನ್‌ಪುರದಲ್ಲಿ ಹುಟ್ಟಿದ ಸಯ್ಯದ್ ಮುಹಮ್ಮದ್, ಮೊದಲು ಮಕ್ಕಾದಲ್ಲಿ, ಆಮೇಲೆ ಗುಜರಾತಿನ ಪಾಟಣದ ಬಳಿ ತಾವೇ ಮಹ್ದಿ ಎಂದು ಘೋಷಿಸಿದರು. ಧರ್ಮವಿದ್ವಾಂಸರಾದ ಉಲೇಮಾಗಳು ಸಿಟ್ಟಾದರು. ಊರಿಂದೂರಿಗೆ ಅಟ್ಟಿಸಿಕೊಳ್ಳುತ್ತ ಈಗಿನ ಅಫ್ಘಾನಿಸ್ತಾನದ ಫರಾಹ್ ಮುಟ್ಟಿ, 1505ರಲ್ಲಿ ಅಲ್ಲೇ ತೀರಿಕೊಂಡರು.

ಜಗತ್ತು ನ್ಯಾಯದಿಂದ ತುಂಬಲಿಲ್ಲ. ಆದರೂ 'ಮಹದವಿ' ಎನಿಸಿಕೊಂಡ ಅವರ ಬಳಗ ಚದುರಲಿಲ್ಲ. ದೊಡ್ಡ ಜಗತ್ತಿನಲ್ಲಿ ಕಾಣದ ನ್ಯಾಯವನ್ನು ಒಂದು ಆವರಣದೊಳಗೆ ಬದುಕಿ ತೋರಿಸಿತು. ಅದೇ ದಾಯಿರಾ. ಎಂದರೆ ವೃತ್ತ. ಊರಾಚೆಯ ಗುಡಿಸಲುಗಳು, ಬೆಳಗು ಬೈಗು ದೇವರ ನಾಮಸ್ಮರಣೆ. ಬಂದದ್ದನ್ನು ಎಲ್ಲರಿಗೂ ಸಮಪಾಲು ಹಂಚುವುದು. ಅಕ್ಬರನ ಕಾಲದ ಇತಿಹಾಸಕಾರ ಬದಾಯೂನಿ ಇವರ ಬಗ್ಗೆ ಮನಸ್ಸು ಕರಗಿ ಬರೆದಿದ್ದಾನೆ: ರಾತ್ರಿಯಾದರೆ ಉಪ್ಪು, ಹಿಟ್ಟು, ಕೊನೆಗೆ ನೀರನ್ನೂ ಉಳಿಸದೆ ಪಾತ್ರೆಗಳನ್ನು ಬೋರಲು ಹಾಕುತ್ತಿದ್ದರಂತೆ. ನಾಳೆಯದನ್ನು ನಾಳೆ ದೇವರು ಕೊಡುತ್ತಾನೆ.

ಬಯಾನಾದ ಶೇಖ್ ಅಲಾಯಿ ಗುರುಪೀಠದ ಮನೆತನದವರು. ಇದ್ದದ್ದನ್ನೆಲ್ಲ ಹಂಚಿ ಈ ಬದುಕಿಗೆ ಬಂದರು. ದೊರೆ ಇಸ್ಲಾಂ ಶಾ ಸೂರ್‌ಗೆ ಅವರನ್ನು ಕೊಲ್ಲುವ ಮನಸ್ಸಿರಲಿಲ್ಲ. ಮಹ್ದಿಯ ಮಾತು ಬಿಟ್ಟೆನೆಂದು ನನ್ನ ಕಿವಿಯಲ್ಲಿ ಮೆಲ್ಲಗೆ ಹೇಳಿಬಿಡಿ, ಸಾಕು ಎಂದನಂತೆ. ಅಲಾಯಿ ಹೇಳಲಿಲ್ಲ. 1550ರಲ್ಲಿ ಚಾಟಿಯೇಟು ಬಿದ್ದವು. ಮೊದಲೇ ಕಾಯಿಲೆಯಿಂದ ಸೊರಗಿದ್ದ ದೇಹ ಮೂರನೆಯ ಏಟಿಗೇ ತಣ್ಣಗಾಯಿತು. ಮಹ್ದಿ ಯಾರೆಂಬ ವಾದ ಏನೇ ಇರಲಿ, ಪಿಸುಮಾತಿನಲ್ಲಿ ಕೂಡ ಸುಳ್ಳಾಡದ ಈ ಮನುಷ್ಯನ ಮುಂದೆ ನಾನು ತಲೆಬಾಗುತ್ತೇನೆ.

ದಾಯಿರಾಗಳು ಗುಜರಾತಿನಿಂದ ದಖ್ಖನ್ನಿಗೆ ಹಬ್ಬಿದವು. ಅಹಮದ್‌ನಗರದಲ್ಲಿ 1589ರ ನಂತರ ಎರಡು ವರ್ಷ ಮಹದವಿ ಸರದಾರ ಜಮಾಲ್ ಖಾನನದೇ ಆಡಳಿತ. ಮೈಸೂರು ಸೀಮೆಗೂ ಮಹದವಿಗಳು ಬಂದರು. ಟಿಪ್ಪುವಿನ ಕಾಲದಲ್ಲಿ ಗಡೀಪಾರೂ ಆದರು. ಆದರೂ ಚನ್ನಪಟ್ಟಣದಲ್ಲಿ ಬೇರು ಉಳಿಯಿತು. ಪಶ್ಚಿಮ ಕರಾವಳಿಯೊಂದಿಗೆ ವ್ಯಾಪಾರ ಮಾಡುತ್ತಿದ್ದ ಅಲ್ಲಿನ ಈ ಜನರನ್ನು ಬಿ. ಎಲ್. ರೈಸ್ ತನ್ನ ಮೈಸೂರು ಗೆಜೆಟಿಯರ್‌ನಲ್ಲಿ 'ದಾಯಿರಾ' ಎಂದೇ ಕರೆದ. ಹುಲ್ಲಿನ ಗುಡಿಸಲುಗಳ ಆ ಆವರಣದ ಹೆಸರು ಮನುಷ್ಯರಿಗೇ ಅಂಟಿಕೊಂಡಿತ್ತು.

ರಂಜಾನಿನ ಇಪ್ಪತ್ತೇಳನೆಯ ರಾತ್ರಿ, ನಡುರಾತ್ರಿ ಕಳೆದ ಮೇಲೆ, ಮಹದವಿಗಳು ತಮ್ಮ ಗುರುಗಳಾದ ಮುರ್ಷಿದರ ಹಿಂದೆ ಸಾಲಾಗಿ ನಿಂತು ಎರಡು ರಕಅತ್‌ಗಳ 'ದುಗಾನಾ' ನಮಾಜು ಮಾಡುತ್ತಾರೆ. ಮಹ್ದಿ ಬರಲಿ ಎಂದು ಅವರು ಬೇಡುವುದಿಲ್ಲ. ಅವರ ಪಾಲಿಗೆ ಆತ ಬಂದು, ಹೇಳಬೇಕಾದ್ದನ್ನು ಹೇಳಿ, ಐದು ಶತಮಾನಗಳ ಹಿಂದೆಯೇ ಫರಾಹ್‌ನ ಮಣ್ಣು ಸೇರಿದ್ದಾನೆ.